ಟಾರ್ನೀಟ್‌ನಲ್ಲಿ ಮನೆ ತಗೋಬಹುದಾ?

ಪ್ರಶ್ನೆ: ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಬಾಡಿಗೆಗಿದ್ದೇವೆ. ಹೋದ ವರ್ಷ ಪಿಆರ್ (ಕಾಯಂ ವಾಸದ ವೀಸಾ) ಸಿಕ್ಕಿತು. ಇಬ್ಬರು ಮಕ್ಕಳು. ನನ್ನ ಆಫೀಸು ಸಿಟಿಯಲ್ಲಿ, ವಾರಕ್ಕೆ ಮೂರು ದಿನ ಹೋಗಬೇಕು. ಇದು ನಮ್ಮ ಮೊದಲ ಮನೆ, ಬಜೆಟ್ ಆರೂವರೆ ಲಕ್ಷ ಡಾಲರ್. ಪಶ್ಚಿಮದ ಟಾರ್ನೀಟ್ ಬಡಾವಣೆ ನೋಡಿದ್ದೇವೆ, ಆದರೆ ಸ್ನೇಹಿತರು 'ವೆಸ್ಟ್ ಕಡೆ ಹೋಗ್ಬೇಡಿ' ಅಂತಾರೆ. ಹೋಗೋಣವಾ? ಹೊಸ ಮನೆಯಾ, ಹಳೇದಾ?

ಉತ್ತರ: ಆ ಸ್ನೇಹಿತರು ಮನೆ ತಗೊಂಡಿದ್ದು ಯಾವ ಕಾಲದಲ್ಲಿ ಅಂತ ಒಮ್ಮೆ ಕೇಳಿ ನೋಡಿ. ಈಗಿನ ರೇಟಿನಲ್ಲಿ ಅವರೂ ವೆಸ್ಟ್ ಕಡೆಗೇ ಬರುತ್ತಿದ್ದರು.

ಟಾರ್ನೀಟ್ ಸಿಟಿಯಿಂದ ಸುಮಾರು 25 ಕಿ.ಮೀ. ನಮ್ಮವರು ಬೇಕಾದಷ್ಟು ಜನ ಇದ್ದಾರೆ, ಕರಿಬೇವಿಗೆ ಅಲೆಯಬೇಕಿಲ್ಲ. ತಲೆನೋವು ಇರೋದು ರೈಲಿನದು. 2015ರಲ್ಲಿ ಸ್ಟೇಷನ್ ಏನೋ ಆಯಿತು, ಆದರೆ ಅಲ್ಲಿ ನಿಲ್ಲೋದು ಮೆಟ್ರೋ ಅಲ್ಲ, ಜೀಲಾಂಗ್ ಊರಿನ ಮಾರ್ಗದ ವಿ-ಲೈನ್, ಅಂದರೆ ಹೊರ ಊರುಗಳಿಗೆ ಓಡುವ ಡೀಸೆಲ್ ರೈಲು. ಸಿಟಿಯ ಸದರ್ನ್ ಕ್ರಾಸ್ ಸ್ಟೇಷನ್ನಿಗೆ ಸುಮಾರು ಅರ್ಧ ಗಂಟೆ ಅಷ್ಟೇ, ನಿಜ, ಆದರೆ ಬೆಳಿಗ್ಗೆ ಹೊತ್ತು ಸೀಟಿನ ಆಸೆ ಬಿಡಿ. ಭಾನುವಾರ ಮನೆ ನೋಡಿಬಂದರೆ ಇದು ಗೊತ್ತಾಗಲ್ಲ. ಒಂದು ಮಂಗಳವಾರ ಏಳೂವರೆಗೆ ಸ್ಟೇಷನ್ನಿಗೆ ಹೋಗಿ, ಕಾರು ಎಲ್ಲಿ ನಿಲ್ಲಿಸ್ತೀರಿ ನೋಡಿ. ಪಕ್ಕದ ಹಾಪರ್ಸ್ ಕ್ರಾಸಿಂಗ್, ವೆರಿಬೀಗೆ ಮೆಟ್ರೋ ಇದೆ. ನನ್ನನ್ನು ಕೇಳಿದರೆ ಹಾಪರ್ಸ್ ಕ್ರಾಸಿಂಗ್‌ನ ಹಳೇ ಇಟ್ಟಿಗೆ ಮನೆಯೇ ವಾಸಿ. ಅಡುಗೆಮನೆ ಹಳೇ ಕಾಲದ್ದಿರಬಹುದು, ಸೈಟು ಮಾತ್ರ ದೊಡ್ಡದು.

ದುಡ್ಡಿನ ವಿಷಯ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಮೊದಲ ಮನೆಗೆ 6 ಲಕ್ಷದವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, 7.5 ಲಕ್ಷದ ತನಕ ಸ್ವಲ್ಪ ಸ್ವಲ್ಪ ರಿಯಾಯಿತಿ. 6.5 ಲಕ್ಷದ ಮನೆಗೆ ಸುಮಾರು 11 ಸಾವಿರ ಬೀಳುತ್ತದೆ. ಅದಕ್ಕೇ 6.1 ಹೇಳುವ ಮನೆಯನ್ನು 6ಕ್ಕೆ ಇಳಿಸಿದರೆ ಲಾಭ ಎರಡು ಕಡೆ. ಆದರೆ ನೀವೇ ಅಲ್ಲಿ ಒಂದು ವರ್ಷ ವಾಸ ಮಾಡಬೇಕು. (ಪಿಆರ್ ಇಲ್ಲದೆ ತಾತ್ಕಾಲಿಕ ವೀಸಾದಲ್ಲಿರುವವರು ಗಮನಿಸಿ: 2025ರ ಏಪ್ರಿಲ್ 1ರಿಂದ 2027ರ ಮಾರ್ಚ್ 31ರವರೆಗೆ ನಿಮಗೆ ಹಳೇ ಮನೆ ಕೊಳ್ಳಲು ಸಾಮಾನ್ಯವಾಗಿ ಅವಕಾಶವಿಲ್ಲ.)

ಹೊಸದು ಕಟ್ಟಿಸಿದರೆ ಸರ್ಕಾರದಿಂದ 10 ಸಾವಿರ ಗ್ರಾಂಟ್ ಸಿಗುತ್ತದೆ, ಡ್ಯೂಟಿ ಲೆಕ್ಕ ಹಾಕೋದು ಸೈಟಿನ ಬೆಲೆಗೆ ಮಾತ್ರ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ಈ ಕಡೆ ನೆಲ ಜೇಡಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಹಾಗಾಗಿ ತಳಪಾಯದ ಕಾಂಕ್ರೀಟ್ ಸ್ಲ್ಯಾಬ್ ಗಟ್ಟಿಯಾಗಿ ಹಾಕಬೇಕು, ಆ ಖರ್ಚು 'ಸೈಟ್ ಕಾಸ್ಟ್' ಅಂತ ಆಮೇಲೆ ಬಂದು ಕೂರುತ್ತದೆ. ಅದನ್ನು ಕಾಂಟ್ರಾಕ್ಟ್‌ನಲ್ಲೇ ಇಷ್ಟು ಅಂತ ಬರೆಸಿಕೊಳ್ಳಿ. ಬೇಲಿ, ಡ್ರೈವ್‌ವೇ ಸೇರಿದೆಯಾ ಅಂತಲೂ ಕೇಳಿ. ಬಿಲ್ಡರ್ ಮಾದರಿಗೆ ತೋರಿಸುವ ಡಿಸ್‌ಪ್ಲೇ ಮನೆಯಲ್ಲಿ ಮಿಂಚೋದರಲ್ಲಿ ಅರ್ಧ ಎಕ್ಸ್‌ಟ್ರಾ ದುಡ್ಡಿನದು.

ಹಳೇ ಮನೆಗೂ ಅದೇ ಮಣ್ಣು. ಬಾಗಿಲಿನ ಮೇಲೆ ಓರೆ ಬಿರುಕು, ಮುಚ್ಚದ ಬಾಗಿಲು, ಗೋಡೆಗೆ ಅಂಟಿದ ದೊಡ್ಡ ಮರ ನೋಡಿ. ಬಿಲ್ಡಿಂಗ್ ಇನ್ಸ್‌ಪೆಕ್ಷನ್‌ಗೆ ಜಿಪುಣತನ ಬೇಡ, ಮನೆಯ ವಿವರಗಳನ್ನು ಮಾರುವವರು ಕೊಡುವ ಸೆಕ್ಷನ್ 32 ಕಾಗದವನ್ನು ನಿಮ್ಮ ಕನ್ವೇಯನ್ಸರ್ (ಆಸ್ತಿ ಕಾಗದಪತ್ರ ನೋಡುವವರು) ಓದುವ ಮುಂಚೆ ಸಹಿಯೂ ಬೇಡ. ಹರಾಜು ಬಿಟ್ಟು ನೇರವಾಗಿ ಕೊಂಡರೆ ಮನಸ್ಸು ಬದಲಾಯಿಸಲು ಮೂರು ಕೆಲಸದ ದಿನ ಇರುತ್ತವೆ. ಹರಾಜಿನಲ್ಲಿ ಕೂಗಿದಿರೋ, ಮುಗೀತು.

ಊರಿಂದ ಅಮ್ಮ ಪೂರ್ವದ ಬಾಗಿಲು ಅಂತಾರೆ, ಇರಲಿ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ಹಾಲ್‌ನ ಕಿಟಕಿ ಉತ್ತರಕ್ಕಿದ್ದರೆ ಜುಲೈ ಚಳಿಗಾಲದ ಹೀಟರ್ ಬಿಲ್ಲು ಕಮ್ಮಿ.