ಪ್ರತಿಕ್ರಿಯೆ: ಹಳೆಯ ಸರ್ವರ್ ಮೇಲೆಯೇ ಹೊಸ ಆವೃತ್ತಿ ಹಾಕಬಹುದೇ?

ಕಲಬುರಗಿಯ ನಿಮ್ಮ ದಾಲ್ ಮಿಲ್ಲಿನ ಬಿಲ್ಲಿಂಗ್ ಸರ್ವರ್ ಸೆಂಟ್‌ಓಎಸ್ 7 ಎಂಬ ಹಳೆಯ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿದೆ, ಅದರ ಮೇಲೆಯೇ ಅದೇ ಬಗೆಯ ಹೊಸ ವ್ಯವಸ್ಥೆಯಾದ ಅಲ್ಮಾಲಿನಕ್ಸ್ 9 ಹಾಕಬಹುದೇ ಎಂದು ಕೇಳಿದ್ದೀರಿ. ಬೇಡ. ಸೆಂಟ್‌ಓಎಸ್ 7ರ ಬೆಂಬಲ 2024ರ ಜೂನ್ 30ಕ್ಕೇ ಮುಗಿದಿರುವುದರಿಂದ ಬದಲಾವಣೆ ಅನಿವಾರ್ಯ, ಒಪ್ಪುತ್ತೇನೆ. ಆದರೆ ಬೇರೊಂದು ಯಂತ್ರದಲ್ಲಿ ಹೊಸದಾಗಿ ಸ್ಥಾಪಿಸಿ, ದತ್ತಾಂಶವನ್ನು ಅಲ್ಲಿಗೆ ಸಾಗಿಸಿ.

ನಿಜವಾದ ತಲೆನೋವು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿರುವ ನಿಮ್ಮ ಕೋಡ್. ಸೆಂಟ್‌ಓಎಸ್ 7ರ ಜೊತೆ ಬಂದದ್ದು ಪಿಎಚ್‌ಪಿ 5.4, ಅಲ್ಮಾಲಿನಕ್ಸ್ 9ರಲ್ಲಿ ಶುರುವಾಗುವುದೇ 8.0ರಿಂದ. ಡೇಟಾಬೇಸ್ ಜೊತೆ ಸಂಪರ್ಕ ಕಲ್ಪಿಸುವ ಹಳೆಯ 'ಮೈಎಸ್‌ಕ್ಯೂಎಲ್_ಕನೆಕ್ಟ್' ಬಗೆಯ ಫಂಕ್ಷನ್‌ಗಳನ್ನು 7.0ರಲ್ಲೇ ಕಿತ್ತುಹಾಕಿದ್ದಾರೆ. ಅವು ಕೋಡ್‌ನಲ್ಲಿದ್ದರೆ ಅದೇ ಕೆಲಸ ಮಾಡುವ ಪಿಡಿಒ ಅಥವಾ ಮೈಎಸ್‌ಕ್ಯೂಎಲ್‌ಐಗೆ ತಿದ್ದಲೇಬೇಕು. ಹೆಚ್ಚಿನ ಸಮಯ ಇಲ್ಲಿಯೇ ಹೋಗುತ್ತದೆ. ರೈತರ ಹೆಸರುಗಳು ಕನ್ನಡದಲ್ಲಿದ್ದು ಡೇಟಾಬೇಸ್ ಟೇಬಲ್ ಮಾತ್ರ ಕನ್ನಡ ಅಕ್ಷರಗಳಿಲ್ಲದ ಲ್ಯಾಟಿನ್1 ಸಂಕೇತಪದ್ಧತಿಯಲ್ಲಿದ್ದರೆ ಇನ್ನಷ್ಟು ಎಚ್ಚರ ಬೇಕು: ಅವಸರದ ಡಂಪ್ (ದತ್ತಾಂಶವನ್ನು ಕಡತಕ್ಕೆ ಇಳಿಸುವುದು) ಆ ಹೆಸರುಗಳನ್ನೆಲ್ಲ ಓದಲಾಗದ ಚಿಹ್ನೆಗಳಾಗಿಸುತ್ತದೆ. ಬ್ಯಾಕಪ್ ಅನ್ನು ಹೊಸ ಯಂತ್ರದಲ್ಲಿ ಮರುಸ್ಥಾಪಿಸಿ, ಹಳೆಯ ಬಿಲ್ಲೊಂದನ್ನು ಮುದ್ರಿಸಿ ನೋಡಿ. ಪರದೆಯ ಮೇಲಿನ 'ಯಶಸ್ವಿ' ಸಂದೇಶವನ್ನು ನಾನಂತೂ ನಂಬುವುದಿಲ್ಲ.

ಹೊಸ ತೊಗರಿ ಬರುವ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಏನನ್ನೂ ಮುಟ್ಟಬೇಡಿ. ಜಿಎಸ್‌ಟಿ ವಿವರವನ್ನು ಪ್ರತಿ ತಿಂಗಳು ಸಲ್ಲಿಸುವವರಾದರೆ ಸಲ್ಲಿಕೆಯ ಕೊನೆಯ ದಿನಗಳಾದ 11 ಮತ್ತು 20ನೇ ತಾರೀಕುಗಳ ಆಸುಪಾಸೂ ಬೇಡ. ಬದಲಾವಣೆ ಆದಮೇಲೆ ಹಳೆಯ ಯಂತ್ರವನ್ನು ನೆಟ್‌ವರ್ಕ್‌ನಿಂದ ಕಳಚಿ, ಕನಿಷ್ಠ ಒಂದು ಸಲ್ಲಿಕೆ ಮುಗಿಯುವವರೆಗೆ ಹಾಗೆಯೇ ಇಟ್ಟುಕೊಳ್ಳಿ.