42 ಸ್ಲೈಡು, 20 ನಿಮಿಷ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಪತ್ರ ಸ್ಲೈಡಿನ ಬಗ್ಗೆಯೇ ಇವೆ. ಸಂಘದ ಸಭೆ, ಕಾಲೇಜಿನ ವೈವಾ, ಮೇಷ್ಟ್ರುಗಳ ತರಬೇತಿ ಎಲ್ಲ ಒಟ್ಟಿಗೇ ಬಂದ ಹಾಗಿದೆ. ಕೆಲವನ್ನು ಆರಿಸಿಕೊಂಡಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನಾನು ಅಡಿಕೆ ಬೆಳೆಗಾರ. ನಮ್ಮ ಸಹಕಾರ ಸಂಘದ ಸಭೆಯಲ್ಲಿ ಕೊಳೆರೋಗದ ಬಗ್ಗೆ 20 ನಿಮಿಷ ಮಾತಾಡಿ ಎಂದಿದ್ದಾರೆ. ಗೊತ್ತಿರುವುದನ್ನೆಲ್ಲ ಸೇರಿಸಿ 42 ಸ್ಲೈಡು ಮಾಡಿದೆ. ಮಗಳು ನೋಡಿ ನಕ್ಕಳು. ಹತ್ತಕ್ಕಿಂತ ಜಾಸ್ತಿ ಇರಬಾರದಂತೆ, ಹೌದಾ? ಫೈಲು ಕಳಿಸಿದ್ದೇನೆ, ನೋಡಿ ಹೇಳಿ. (ತೀರ್ಥಹಳ್ಳಿ)

ಉತ್ತರ: ಮಗಳು ಹೇಳಿದ್ದು ಅಮೆರಿಕದ ಉದ್ಯಮಿ, ಲೇಖಕ ಗೈ ಕವಾಸಾಕಿಯ ಲೆಕ್ಕ ಇರಬೇಕು. 10 ಸ್ಲೈಡು, 20 ನಿಮಿಷ, 30 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ ಅಂತ. ಕಂಪನಿ ಶುರು ಮಾಡಲು ದುಡ್ಡು ಕೇಳಿಕೊಂಡು ಹೂಡಿಕೆದಾರರ ಮುಂದೆ ನಿಲ್ಲುವವರಿಗೆ ಹೇಳಿದ ಮಾತು ಅದು. ನಿಮ್ಮ ಸಭೆಗೆ ಬರುವವರು ಪ್ರತಿ ಮಳೆಗಾಲ ಕೊಳೆಯ ಜೊತೆ ಗುದ್ದಾಡುವವರು. ಸಂಖ್ಯೆ ಹಿಡಿದುಕೊಂಡು ಕೂರಬೇಡಿ. ಒಂದೊಂದೇ ಫೋಟೋ ಇರುವ 25 ಸ್ಲೈಡು ಸರಾಗವಾಗಿ ದಾಟಿ ಹೋಗುತ್ತವೆ, ಆದರೆ ಮೇಲಿಂದ ಕೆಳಗೆ ಅಕ್ಷರ ತುಂಬಿದ ಐದೇ ಸ್ಲೈಡು ಸಾಕು, ಹಿಂದಿನ ಸಾಲಿನವರು ಎದ್ದು ಕಾಫಿಗೆ ಹೋಗುತ್ತಾರೆ.

ಫೈಲು ನೋಡಿದೆ. ಮೊದಲ ಒಂಬತ್ತು ಸ್ಲೈಡು ಪೂರ್ತಿ ಅಡಿಕೆಯ ಇತಿಹಾಸ, ಅಡಿಕೆಯ ಮಹತ್ವ, ಯಾವ ಯಾವ ಜಿಲ್ಲೆಯಲ್ಲಿ ಬೆಳೆಯುತ್ತಾರೆ ಎಂಬ ಪಟ್ಟಿ. ಅಡಿಕೆ ಬೆಳೆಯುವವರಿಗೇ ಅಡಿಕೆ ಅಂದರೆ ಎಂತದು ಅಂತ ಹೇಳುವುದು ಯಾಕೆ ಮಾರಾಯ್ರೆ? ಅಷ್ಟನ್ನೂ ತೆಗೆಯಿರಿ. ಬುಡದಲ್ಲಿ ಉದುರಿ ಬಿದ್ದ ಹಸಿರು ಕಾಯಿಗಳ ಒಂದು ಫೋಟೋದಿಂದ ಶುರು ಮಾಡಿ. ಇಂಟರ್ನೆಟ್ಟಿನ ಫೋಟೋ ಬೇಡ, ನಿಮ್ಮದೇ ತೋಟದ್ದು ಇರಲಿ. ಹಾಲ್ ಪೂರ್ತಿ ನಿಮ್ಮ ಕಡೆ ತಿರುಗುತ್ತದೆ.

ಅಸಲು ವಿಷಯ ಇರುವುದು ನಿಮ್ಮ 17ನೇ ಸ್ಲೈಡಿನಲ್ಲಿ. 'ಬೋರ್ಡೋ ದ್ರಾವಣ ತಯಾರಿಸುವ ವಿಧಾನ' (ಕೊಳೆಗೆ ಹೊಡೆಯುವ ಔಷಧಿ ಅದು) ಅಂತ ತಲೆಬರಹ, ಕೆಳಗೆ 14 ಸಾಲು, ಅದೂ ಹಸಿರು ಹಿನ್ನೆಲೆಯ ಮೇಲೆ ಕೆಂಪು ಅಕ್ಷರ. ಕೆಂಪು ಹಸಿರಿನ ವ್ಯತ್ಯಾಸವೇ ಸರಿಯಾಗಿ ಕಾಣದವರು ಇರುತ್ತಾರೆ, ಅದರಲ್ಲೂ ಗಂಡಸರಲ್ಲಿ ಜಾಸ್ತಿ. ಕಣ್ಣು ಸರಿ ಇದ್ದವರಿಗೂ ಆ ಜೋಡಿ ಉರಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ ಸಾಕು. ಸಂಘದ ಹಾಲಿನಲ್ಲಿ ಹಗಲು ಬೆಳಕು ಇದ್ದೇ ಇರುತ್ತದೆ, ಆ ಬೆಳಕಿನಲ್ಲಿ ಪರದೆ ಮೇಲೆ ಎದ್ದು ಕಾಣುವುದು ಅದೊಂದೇ.

ಈಗ ಆ ಒಂದು ಸ್ಲೈಡನ್ನು ನಾಲ್ಕು ಮಾಡಿ. ಮೊದಲನೆಯದರಲ್ಲಿ ದೊಡ್ಡದಾಗಿ ಮೂರೇ ಸಾಲು: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಎರಡನೆಯದರಲ್ಲಿ ಎರಡು ಪ್ಲಾಸ್ಟಿಕ್ ಡ್ರಮ್ಮಿನ ಫೋಟೋ, ನೀಲಿ ನೀರಿನಿಂದ ಬಿಳಿ ನೀರಿನ ಕಡೆಗೆ ಒಂದು ಬಾಣ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಇದನ್ನು ಬಾಯಲ್ಲಿ ಹೇಳಿ, ಬಾಣ ಅದನ್ನು ತೋರಿಸಲಿ. ಮೂರನೆಯದು ಚಾಕುವಿನ ಪರೀಕ್ಷೆ, ದ್ರಾವಣದಲ್ಲಿ ಚಾಕು ಅದ್ದಿ ನೋಡುವುದು. ನೀವು ಬರೆದಿದ್ದು 'ಗುಣಮಟ್ಟ ಪರೀಕ್ಷೆ' ಅಂತ. ಅದನ್ನು ಹೊಡೆದುಹಾಕಿ 'ಚಾಕು ಕೆಂಪಾದರೆ ಸುಣ್ಣ ಇನ್ನೂ ಬೇಕು' ಅಂತ ಬರೆಯಿರಿ. ನೋಡಿ, ತಲೆಬರಹವೇ ಪೂರ್ತಿ ವಿಷಯ ಹೇಳಿಬಿಟ್ಟಿತು. ಕೆಳಗೆ ಎರಡು ಚಾಕುವಿನ ಫೋಟೋ ಸಾಕು, ಒಂದು ಹೊಳೆಯುವುದು, ಒಂದಕ್ಕೆ ಕೆಂಪು ಹತ್ತಿದ್ದು. ನಾಲ್ಕನೆಯದು ಕಾಲ: ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ.

ನನ್ನನ್ನು ಕೇಳಿದರೆ ಆ ಮೂರನೇ ಸ್ಲೈಡೂ ಬೇಡ. ಒಂದು ಬಕೆಟ್ ದ್ರಾವಣ ಮತ್ತು ಕಬ್ಬಿಣದ ಚಾಕು ತಗೊಂಡು ಹೋಗಿ, ಬೇಕಂತಲೇ ಸುಣ್ಣ ಕಮ್ಮಿ ಹಾಕಿ ಕಲಸಿ, ಮುಂದಿನ ಸಾಲಿನ ಒಬ್ಬರ ಕೈಯಲ್ಲಿ ಚಾಕು ಅದ್ದಿಸಿ. ಆ ಹೊತ್ತಿಗೆ ಕೀಬೋರ್ಡಿನಲ್ಲಿ 'ಬಿ' ಒತ್ತಿದರೆ ಪರದೆ ಕಪ್ಪಾಗುತ್ತದೆ, ಎಲ್ಲರೂ ಬಕೆಟ್ ನೋಡುತ್ತಾರೆ. ಮತ್ತೆ 'ಬಿ' ಒತ್ತಿದರೆ ಸ್ಲೈಡು ವಾಪಸ್.

ಹಾಗಾದರೆ ಉಳಿದ ಸಾಲುಗಳು ಎಲ್ಲಿ ಹೋಗಬೇಕು? ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮುಗಿದ ಮೇಲೆ ಕೈಗೆ ಕೊಡಿ. ಮೊದಲೇ ಕೊಟ್ಟರೆ ನಿಮ್ಮನ್ನು ಬಿಟ್ಟು ಅದನ್ನೇ ಓದುತ್ತಾ ಕೂರುತ್ತಾರೆ.

ಅಕ್ಷರದ ಗಾತ್ರಕ್ಕೆ ಒಂದು ಸುಲಭದ ಪರೀಕ್ಷೆ ಇದೆ. ಸ್ಲೈಡನ್ನು ಮೊಬೈಲಿಗೆ ಕಳಿಸಿ, ಅಡ್ಡ ತಿರುಗಿಸಿ, ಕೈ ಚಾಚಿ ಹಿಡಿದು ನೋಡಿ. ಆರಡಿ ಅಗಲದ ಪರದೆಯನ್ನು ಸುಮಾರು 25 ಅಡಿ ದೂರದಿಂದ ನೋಡಿದರೆ ಹೆಚ್ಚುಕಮ್ಮಿ ಅಷ್ಟೇ ಕಾಣುವುದು. ಓದಲು ಕಣ್ಣು ಕಿರಿದು ಮಾಡಬೇಕಾಯಿತಾ? ಹಾಗಾದರೆ ಅಕ್ಷರ ದೊಡ್ಡದು ಮಾಡಿ, ಜಾಗ ಸಾಲದಿದ್ದರೆ ಪದ ತೆಗೆಯಿರಿ.

ಪ್ರಶ್ನೆ: ಸರ್, ಇಂಜಿನಿಯರಿಂಗ್ ಕೊನೆ ವರ್ಷ. ಪ್ರಾಜೆಕ್ಟ್ ವೈವಾಗೆ 10 ನಿಮಿಷ ಕೊಡ್ತಾರೆ. ಸ್ಲೈಡಲ್ಲಿ ಬರೆದುಕೊಂಡಿಲ್ಲ ಅಂದ್ರೆ ನನಗೆ ಮರೆತೇ ಹೋಗುತ್ತೆ, ಅದಕ್ಕೆ ನೋಡಿಕೊಂಡು ಓದ್ತೀನಿ. ಗೈಡ್ ಕೂಡ ಎಲ್ಲಾ ಹಾಕು ಅಂತಾರೆ. ಭಯ ಬೇರೆ ಆಗುತ್ತೆ. ಏನು ಮಾಡ್ಲಿ? (ಶಿವಮೊಗ್ಗ)

ಉತ್ತರ: ಮರೆಯುತ್ತದೆ ಅನ್ನುವುದು ನಿಮ್ಮ ಕಷ್ಟ. ಅದಕ್ಕೆ ಎದುರು ಕೂತವರ ಪರದೆ ಯಾಕೆ ತುಂಬಿಸುತ್ತೀರಿ? ಪವರ್‌ಪಾಯಿಂಟ್‌ನಲ್ಲಿ ಪ್ರೆಸೆಂಟರ್ ವ್ಯೂ ಅಂತ ಇದೆ. ಪ್ರತಿ ಸ್ಲೈಡಿನ ಕೆಳಗೆ ನೋಟ್ಸ್ ಜಾಗದಲ್ಲಿ ಬರೆದುಕೊಂಡಿದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತದೆ, ಪರದೆ ಮೇಲೆ ಬರೀ ಸ್ಲೈಡು. ಮುಂದಿನ ಸ್ಲೈಡು ಯಾವುದು, ಎಷ್ಟು ಹೊತ್ತಾಯಿತು, ಅದೂ ಪಕ್ಕದಲ್ಲೇ ಇರುತ್ತದೆ. ಆದರೆ ಪೂರ್ತಿ ವಾಕ್ಯ ಬರೆದುಕೊಳ್ಳಬೇಡಿ, ಮತ್ತೆ ಓದಲು ಶುರು ಮಾಡುತ್ತೀರಿ. ನಾಲ್ಕೈದು ಪದ ಸಾಕು.

ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ಇದನ್ನೇ ಪ್ರಯೋಗ ಮಾಡಿ ನೋಡಿದವರು. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಕೇಳಿದವರಿಗೆ ಚೆನ್ನಾಗಿ ತಲೆಗೆ ಹೋಗುತ್ತದೆ. ಅದೇ ಮಾತನ್ನು ಪರದೆ ಮೇಲೂ ಬರೆದು, ಬಾಯಲ್ಲೂ ಹೇಳಿದರೆ ಕಲಿಕೆ ಕಮ್ಮಿಯಾಗುತ್ತದೆ. ಯಾಕೆಂದರೆ ನಾವು ಓದುವ ವೇಗ ಬೇರೆ, ನೀವು ಮಾತಾಡುವ ವೇಗ ಬೇರೆ. ನೀವು ಎರಡನೇ ಸಾಲಲ್ಲಿರುವಾಗ ಪರೀಕ್ಷಕರು ಕೊನೆ ಸಾಲು ಮುಗಿಸಿ ಕಿಟಕಿ ನೋಡುತ್ತಿರುತ್ತಾರೆ.

ಇನ್ನು ಗೈಡ್. ಅವರ ಜೊತೆ ಜಗಳ ಬೇಡ, ಎಲ್ಲಾ ಹಾಕಿ, ಆದರೆ ಥ್ಯಾಂಕ್ ಯೂ ಸ್ಲೈಡಿನ ಆಚೆ ಹಾಕಿ. ಸರ್ಕ್ಯೂಟಿನ ವಿವರ, ಕೋಡು, ಉದ್ದದ ಕೋಷ್ಟಕ ಎಲ್ಲ ಅಲ್ಲಿರಲಿ. ಯಾವ ನಂಬರಿನಲ್ಲಿ ಏನಿದೆ ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪರೀಕ್ಷಕರು 'ಈ ರೀಡಿಂಗ್ ಎಲ್ಲಿಂದ ಬಂತು' ಅಂದ ಕೂಡಲೇ 23 ಅಂತ ಟೈಪ್ ಮಾಡಿ ಎಂಟರ್ ಒತ್ತಿದರೆ ಆ ಸ್ಲೈಡು ಬಂದು ನಿಲ್ಲುತ್ತದೆ. ಇಡೀ ಕೋಷ್ಟಕವನ್ನು ಮೊದಲೇ ತೋರಿಸಿ ಬೇಸರ ಹಿಡಿಸುವುದಕ್ಕಿಂತ ಕೇಳಿದಾಗ ಟಕ್ ಅಂತ ತೆಗೆದು ತೋರಿಸುವುದೇ ಒಳ್ಳೆಯದು, ತಯಾರಿ ಇದೆ ಅಂತ ಅವರಿಗೂ ಗೊತ್ತಾಗುತ್ತದೆ.

ಭಯದ ಬಗ್ಗೆ ಬೇರೆ ಕೇಳಿದ್ದೀರಿ. ಮೊದಲ ಎರಡು ವಾಕ್ಯ ಮಾತ್ರ ಬಾಯಿಪಾಠ ಮಾಡಿ, ಉಳಿದಿದ್ದು ಬೇಡ. ರೂಮಲ್ಲಿ ಎದ್ದು ನಿಂತು, ಜೋರಾಗಿ, ಗಡಿಯಾರ ಇಟ್ಟುಕೊಂಡು ಹೇಳಿ ನೋಡಿ. ಮನಸ್ಸಲ್ಲೇ ಹೇಳಿಕೊಂಡರೆ ಹತ್ತು ನಿಮಿಷದ ಮಾತು ಆರೇ ನಿಮಿಷಕ್ಕೆ ಮುಗಿದ ಹಾಗೆ ಅನಿಸುತ್ತದೆ.

ಪ್ರಶ್ನೆ: ಅನಿಮೇಷನ್ ಹಾಕಬೇಕಾ? ಅಕ್ಷರ ಸುತ್ತಿಕೊಂಡು ಬರುವ ಹಾಗೆ ಮಾಡಿದರೆ ಮಕ್ಕಳಿಗೆ ಖುಷಿ. (ಸೊರಬ)

ಉತ್ತರ: ಮಕ್ಕಳಿಗೆ ಒಂದು ಸಲ ಖುಷಿ, ಆಮೇಲೆ ಅವರು ಪಾಠ ಬಿಟ್ಟು ಅದನ್ನೇ ಕಾಯುತ್ತಾರೆ. ಸುಮ್ನೆ ಕಾಣಿಸಿಕೊಳ್ಳುವ 'ಅಪಿಯರ್' ಒಂದೇ ಸಾಕು. ಹೃದಯದ ಚಿತ್ರ ತೋರಿಸುವಾಗ ನಾಲ್ಕು ಕೋಣೆ ಒಟ್ಟಿಗೇ ಹಾಕದೆ, ನೀವು ಹೇಳಿದ ಹಾಗೆ ಒಂದೊಂದೇ ಬರಲಿ. ಅನಿಮೇಷನ್ನಿನ ಉಪಯೋಗ ಅಷ್ಟೇ.

ಪ್ರಶ್ನೆ: ನಾನು ಪ್ರೌಢಶಾಲೆ ಶಿಕ್ಷಕಿ. ಮನೆಯಲ್ಲಿ ಕನ್ನಡದಲ್ಲಿ ಚೆನ್ನಾಗಿ ಕಾಣುವ ಸ್ಲೈಡು, ತರಬೇತಿ ಕೇಂದ್ರದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಯಿತು. ಯಾಕೆ? (ಹೊಸನಗರ)

ಉತ್ತರ: ಮೇಡಂ, ನೀವು ಟೈಪ್ ಮಾಡಿದ್ದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಇರಬೇಕು. ಆ ಫಾಂಟುಗಳಲ್ಲಿ ಕಂಪ್ಯೂಟರ್ ಒಳಗೆ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ, ಅದರ ಮೇಲೆ ಕನ್ನಡದ ರೂಪ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಒಳಗಿನದು ಹೊರಗೆ ಬರುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇದೆ. ವಿಂಡೋಸ್‌ನ ನಿರ್ಮಲ ಯುಐ ಅಥವಾ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ ಬಳಸಿ. ಹೊಸ ನುಡಿಯಲ್ಲೂ ಯೂನಿಕೋಡ್ ಇದೆ, ಟೈಪ್ ಮಾಡುವ ಅಭ್ಯಾಸ ಬದಲಿಸಬೇಕಿಲ್ಲ.

ಈಗಾಗಲೇ ಮಾಡಿಟ್ಟ ಪಾಠಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬಹುದು. ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಎಡವಟ್ಟು ಆಗುವುದು ಅಲ್ಲೇ. ಜೊತೆಗೆ ಫೈಲ್, ಆಪ್ಷನ್ಸ್, ಸೇವ್‌ಗೆ ಹೋಗಿ ಫಾಂಟನ್ನು ಫೈಲಿನೊಳಗೇ ಸೇರಿಸುವ ಆಯ್ಕೆಗೆ ಟಿಕ್ ಹಾಕಿ. ಅದೇ ಪೆನ್‌ಡ್ರೈವಿನಲ್ಲಿ ಒಂದು ಪಿಡಿಎಫ್ ಪ್ರತಿಯೂ ಇರಲಿ. ಪಿಡಿಎಫ್‌ನಲ್ಲಿ ಅನಿಮೇಷನ್ ಓಡುವುದಿಲ್ಲ, ಆದರೆ ಅಕ್ಷರ ಇದ್ದ ಹಾಗೇ ಇರುತ್ತದೆ.

ಇನ್ನೊಂದು ವಿಷಯ, ಕೇಳಿಲ್ಲದಿದ್ದರೂ ಹೇಳುತ್ತೇನೆ. ಕನ್ನಡದ ಸಾಲಿಗೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬೇಕು. ಮೇಲೆ ಗುಡಿಸು, ಕೆಳಗೆ ಒತ್ತು. 'ರಾಷ್ಟ್ರೀಯ' ಅಂತ ಬರೆದು ಕೆಳಗಿನ ಸಾಲನ್ನು ಒತ್ತಾಗಿ ಇಟ್ಟರೆ ಒಂದರ ಒತ್ತು ಇನ್ನೊಂದರ ತಲೆಗೆ ತಾಗುತ್ತದೆ. ಸಾಲಿನ ಅಂತರ ಸ್ವಲ್ಪ ಧಾರಾಳ ಇರಲಿ.

ಪ್ರಶ್ನೆ: ನಿವೃತ್ತ ಮೇಷ್ಟ್ರು ನಾನು. ಲಿಂಗನಮಕ್ಕಿಯ ನೀರಿನ ಮಟ್ಟದ ಬಗ್ಗೆ ನಮ್ಮ ಬಳಗದಲ್ಲಿ ಮಾತಾಡಬೇಕು. ಕಂಬದ ಗ್ರಾಫ್ ಹಾಕಿದೆ, ಎಲ್ಲ ಕಂಬವೂ ಒಂದೇ ಎತ್ತರ ಕಾಣುತ್ತವೆ! (ಸಾಗರ)

ಉತ್ತರ: ಕಾಣಲೇಬೇಕು ಮೇಷ್ಟ್ರೇ. ಪೂರ್ಣ ಮಟ್ಟ 1819 ಅಡಿ ಅಂತಾರಲ್ಲ, ಅದು ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ದು, ಅಣೆಕಟ್ಟೆಯ ಎತ್ತರವಲ್ಲ. ಸೊನ್ನೆಯಿಂದ ಎಬ್ಬಿಸಿದರೆ 1780 ಅಡಿಯ ಕಂಬಕ್ಕೂ 1819ರ ಕಂಬಕ್ಕೂ ಪರದೆ ಮೇಲೆ ಬೆರಳಗಲ ವ್ಯತ್ಯಾಸ. ನಿಜದಲ್ಲಿ ಆ 39 ಅಡಿಯಲ್ಲಿ ಎಷ್ಟು ನೀರಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಕಂಬ ಬಿಟ್ಟು ಗೆರೆ ಗ್ರಾಫ್ ಹಾಕಿ, ಕೆಳಗಿನ ಅಂಚು 1740ರಿಂದ ಶುರುವಾಗಲಿ, 1819ರಲ್ಲಿ ಒಂದು ಅಡ್ಡಗೆರೆ ಎಳೆದು 'ಪೂರ್ಣ ಮಟ್ಟ' ಅಂತ ಬರೆಯಿರಿ. ಗೆರೆ ಗ್ರಾಫಿಗೆ ಇದು ನಡೆಯುತ್ತದೆ. ಕಂಬದ ಗ್ರಾಫಿಗೆ ನಡೆಯುವುದಿಲ್ಲ, ಅಲ್ಲಿ ಕಂಬದ ಉದ್ದವನ್ನೇ ಕಣ್ಣು ಅಳೆಯುತ್ತದೆ, ಬುಡ ಕತ್ತರಿಸಿದರೆ ಸುಳ್ಳು ಹೇಳಿದ ಹಾಗೆ. ತಿಂಗಳ ಮಳೆಗೆ ಬೇಕಾದರೆ ಕಂಬ ಹಾಕಿ, ಸೊನ್ನೆಯಿಂದ. ಎರಡನ್ನೂ ಒಂದೇ ಚಿತ್ರದಲ್ಲಿ ತುರುಕಬೇಡಿ. ಆ ಮೂರು ಆಯಾಮದ ದಪ್ಪ ಗ್ರಾಫ್ ಮಾತ್ರ ಯಾವುದಕ್ಕೂ ಬೇಡ, ಎತ್ತರ ಎಲ್ಲಿಗೆ ಬಂತು ಅಂತಲೇ ತಿಳಿಯುವುದಿಲ್ಲ.

ಪ್ರಶ್ನೆ: ಕ್ಯಾನ್ವಾದಲ್ಲಿ ಮಾಡಿದರೆ ಚಂದ ಬರುತ್ತದೆ ಅಂತಾರೆ. ಹೌದಾ? (ಕೊಪ್ಪ)

ಉತ್ತರ: ಚಂದ ಬರುತ್ತದೆ. ಆದರೆ ಅದು ಇಂಟರ್ನೆಟ್ಟಿನಲ್ಲಿ ಸ್ಲೈಡು ಮಾಡುವ ಜಾಲತಾಣ, ನಿಮ್ಮ ಕಡೆ ನೆಟ್‌ವರ್ಕ್ ಗುಡ್ಡದ ಮೇಲೆ ಹತ್ತಿದರೆ ಮಾತ್ರ ಸಿಗುವುದು, ಅಲ್ವಾ? ಮನೆಯಲ್ಲೇ ಪಿಡಿಎಫ್ ಆಗಿ ಇಳಿಸಿಕೊಂಡು ಹೊರಡಿ. ಸಭೆಯಲ್ಲಿ ನಿಂತು ಲಾಗಿನ್ ಆಗಲು ಹೋಗಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟಿನ ಭರವಸೆ ಇಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಮಾತಾಡುವಾಗ ಅರ್ಧಕ್ಕೇ ಹೋದರೆ? (ಆಗುಂಬೆ)

ಉತ್ತರ: ಹೋಗುತ್ತದೆ ಅಂತಲೇ ಇಟ್ಟುಕೊಳ್ಳಿ. ಮುಖ್ಯವಾದ ನಾಲ್ಕೈದು ಸ್ಲೈಡನ್ನು ಒಂದೊಂದು ಹಾಳೆಗೆ ಒಂದರಂತೆ ದೊಡ್ಡದಾಗಿ ಪ್ರಿಂಟ್ ತೆಗೆಸಿ ಚೀಲದಲ್ಲಿಡಿ. ಇಪ್ಪತ್ತು ಜನರ ನಡುವೆ ಕೈಯಲ್ಲಿ ಹಿಡಿದು ತೋರಿಸಿದರೂ ಸಾಕು. ಹಳೆಯ ಬಲ್ಬಿನ ಪ್ರೊಜೆಕ್ಟರ್ ಆದರೆ ಕರೆಂಟು ಬಂದ ತಕ್ಷಣ ಹತ್ತುವುದಿಲ್ಲ, ಬಲ್ಬು ತಣಿಯಲು ಕೆಲವು ನಿಮಿಷ ಬೇಕು. ಅದರ ಮುಂದೆ ನಿಂತು ಸ್ವಿಚ್ ಒತ್ತುತ್ತಾ ಇರಬೇಡಿ, ಆ ಹೊತ್ತಿನಲ್ಲಿ ಪ್ರಶ್ನೆ ಕೇಳಲು ಬಿಡಿ. ಮತ್ತೆ ಹತ್ತಿದ ಮೇಲೆ ಮೊದಲ ಸ್ಲೈಡಿನಿಂದ ಓಡಿಸಿಕೊಂಡು ಬರುವುದೂ ಬೇಡ. ಬೇಕಾದ ಸ್ಲೈಡಿನ ಮೇಲೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಎಫ್5 ಒತ್ತಿ, ಅಲ್ಲಿಂದಲೇ ಶುರುವಾಗುತ್ತದೆ.