ಅಜ್ಜನ ಹಳೇ ಚಾಕು ಸಿಕ್ಕಿದೆಯಾ? ಸದ್ಯಕ್ಕೆ ಸಾಣೆಯವರಿಂದ ದೂರ ಇಡಿ

ತಯಾರಿ ನಿಂತುಹೋದ ಹಳೇ ಚಾಕುಗಳಿಗೆ ಜನ ಯಾಕೆ ಇಷ್ಟು ಹಂಬಲಿಸುತ್ತಾರೆ, ಹೊಸದೇ ಚೆನ್ನಾಗಿರಲ್ವಾ ಅಂತ ಕೇಳಿದ್ದೀರಿ. ಜೊತೆಗೆ, ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ 'ಜೋಸೆಫ್ ರಾಜರ್ಸ್, ಶೆಫೀಲ್ಡ್' ಅಂತ ಬರೆದ ಮಡಚುವ ಚಾಕುವನ್ನು ಸಾಣೆ ಹಿಡಿಸಿ ಪಾಲಿಶ್ ಮಾಡಿಸಲಾ ಅಂತಲೂ.

ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬೇಡ. ಸಾಣೆ ಚಕ್ರಕ್ಕೆ ಕೊಟ್ಟರೆ ಅಲಗು ಸವೆಯುತ್ತದೆ, ಬುಡದಲ್ಲಿರುವ ಕಂಪನಿಯ ಮುದ್ರೆ ಮಾಸುತ್ತದೆ, ಬಿಸಿ ಜಾಸ್ತಿಯಾದರೆ ಉಕ್ಕಿನ ಹದವೂ ಹೋಗುತ್ತದೆ. ಸಂಗ್ರಹ ಮಾಡುವವರು ದುಡ್ಡು ಕೊಡುವುದೇ ಆ ಮುದ್ರೆಗೆ ಮತ್ತು ಸವೆಯದ ಅಲಗಿಗೆ.

ಈಗ ಹಂಬಲದ ವಿಷಯ. ನಾನು ತೀರ್ಥಹಳ್ಳಿ ಕಡೆಯವನು, ಚಾಕು ಕೂಡಿಡುವ ಹುಚ್ಚು ನನಗೂ ಇದೆ. 'ಹಳೇ ಉಕ್ಕಿನ ಗಟ್ಟಿತನ ಈಗ ಎಲ್ಲಿದೆ' ಅನ್ನುವವರು ನಮ್ಮಲ್ಲಿ ಬಹಳ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹಳೇ ಅಮೆರಿಕನ್ ಚಾಕುಗಳಲ್ಲಿ ಬಳಸುತ್ತಿದ್ದ '1095' ಅನ್ನುವ ಉಕ್ಕಿನಲ್ಲಿ ಇಂಗಾಲ ಶೇ 1ರ ಆಸುಪಾಸು ಇರುತ್ತದೆ, ತುಕ್ಕು ತಡೆಯುವಷ್ಟು ಕ್ರೋಮಿಯಂ ಇರುವುದಿಲ್ಲ. ಕಲ್ಲಿನ ಮೇಲೆ ಸ್ವಲ್ಪ ಮಸೆದರೆ ಸಾಕು, ಹರಿತ ಬರುತ್ತದೆ, ಅದು ನಿಜ. ಆದರೆ ನಮ್ಮ ಮಳೆಗಾಲದಲ್ಲಿ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಬೆಳಗಾಗುವುದರೊಳಗೆ ಕಪ್ಪಾಗಿರುತ್ತದೆ. 2001ರಲ್ಲಿ ಬಂದ 'ಎಸ್30ವಿ' ಅನ್ನುವ ಹೊಸ ಕಾಲದ ಸ್ಟೀಲಿನಲ್ಲಿ ಸುಮಾರು ಶೇ 14 ಕ್ರೋಮಿಯಂ, ಶೇ 4 ವನೇಡಿಯಂ ಇದೆ. ಹರಿತವೂ ಜಾಸ್ತಿ ದಿನ ನಿಲ್ಲುತ್ತದೆ, ತುಕ್ಕೂ ಸುಲಭಕ್ಕೆ ಹಿಡಿಯುವುದಿಲ್ಲ. ಕೆಲಸಕ್ಕೆ ಅಂತಾದರೆ ಹೊಸದನ್ನೇ ತಗೊಳ್ಳಿ.

ಜನ ಹಂಬಲಿಸುವುದು ಉಕ್ಕಿಗಲ್ಲ, ಮುಚ್ಚಿಹೋದ ಕಾರ್ಖಾನೆಗೆ. ನ್ಯೂಯಾರ್ಕ್ ರಾಜ್ಯದ ಎಲೆನ್‌ವಿಲ್‌ನಲ್ಲಿ ಇಂಪೀರಿಯಲ್ ಶ್ರೇಡ್ ಅಂತ ಇತ್ತು, 2004ರಲ್ಲಿ ಬಾಗಿಲು ಹಾಕಿತು. ಹೆಸರನ್ನು ಬೇರೆಯವರು ಕೊಂಡರು, ಅದರ 'ಓಲ್ಡ್ ಟೈಮರ್' (ಅಂದರೆ ಹಳೇ ಕಾಲದವನು) ಚಾಕುಗಳು ಚೀನಾದಲ್ಲಿ ತಯಾರಾಗತೊಡಗಿದವು. ಹಿಡಿಯ ಬಣ್ಣ, ಆಕಾರ ಎಲ್ಲ ಹೆಚ್ಚುಕಮ್ಮಿ ಅದೇ. ಆದರೂ ಬುಡದಲ್ಲಿ 'ಯುಎಸ್‌ಎ' ಅಂತ ಇರುವ ಹಳೆಯದನ್ನೇ ಹುಡುಕುತ್ತಾರೆ. ತಮಾಷೆ ಅಂದರೆ ಆ ಓಲ್ಡ್ ಟೈಮರ್ ಹೊಸದಾಗಿ ಅಂಗಡಿಗೆ ಬಂದಾಗಲೇ ಹಳೇ ಕಾಲದ ಹೆಸರು ಹೇಳಿಕೊಂಡೇ ಮಾರಾಟವಾಗುತ್ತಿತ್ತು! ಸ್ವಿಟ್ಜರ್‌ಲೆಂಡಿನ ವೆಂಗರ್ ಅನ್ನುವ ಚಾಕು ಕಂಪನಿಯ ಕಥೆಯೂ ಇಂಥದೇ. 2005ರಲ್ಲಿ ಅಲ್ಲಿನದೇ ಇನ್ನೊಂದು ಚಾಕು ಕಂಪನಿ ವಿಕ್ಟೊರಿನಾಕ್ಸ್ ಅದನ್ನು ಕೊಂಡಿತು, ಆಮೇಲೆ ಕೆಲವು ವರ್ಷಕ್ಕೆ ವೆಂಗರ್ ಹೆಸರಿನ ಚಾಕುಗಳೇ ನಿಂತವು. ವೆಂಗರ್ ಚಾಕುವಿನೊಳಗೆ ಮಡಚಿಕೊಂಡಿರುವ ಕತ್ತರಿಯ ಅಲಗಿನಲ್ಲಿ ಸಣ್ಣ ಹಲ್ಲುಗಳಿದ್ದವು, ಉಗುರು ಜಾರುತ್ತಿರಲಿಲ್ಲ. ಅದೊಂದಕ್ಕೇ ಅದನ್ನು ಇನ್ನೂ ಹುಡುಕುವವರಿದ್ದಾರೆ, ನಾನೂ ಒಬ್ಬ.

ಇನ್ನೊಂದು ರುಚಿ ವರ್ಷದ್ದು. ಅಮೆರಿಕದ 'ಕೇಸ್' ಅನ್ನುವ ಚಾಕು ಕಂಪನಿ 1970ರಲ್ಲಿ ಮುದ್ರೆಯ ಕೆಳಗೆ 10 ಚುಕ್ಕೆ ಹಾಕಿ, ಆಮೇಲೆ ವರ್ಷಕ್ಕೊಂದು ಚುಕ್ಕೆ ಕಳೆಯುತ್ತಾ ಬಂತು. ಹಾಗಾಗಿ ಚುಕ್ಕೆ ಎಣಿಸಿದರೆ ಅದು ಎಪ್ಪತ್ತರ ದಶಕದ ಯಾವ ವರ್ಷದ್ದು ಅಂತ ಗೊತ್ತಾಗುತ್ತದೆ. ಸ್ವಿಸ್ ಸೈನಿಕರಿಗೆ 1961ರಿಂದ 2008ರ ತನಕ ಕೊಟ್ಟ ಬೆಳ್ಳಿ ಬಣ್ಣದ ಹಿಡಿಯ ಚಾಕುವಿನ ಅಲಗಿನ ಮೇಲೆ ವರ್ಷವನ್ನೇ ಒತ್ತಿರುತ್ತಿದ್ದರು. ಇನ್ನೇನು, ಒಬ್ಬನಿಗೆ ತಾನು ಹುಟ್ಟಿದ ವರ್ಷದ್ದು ಬೇಕು, ಇನ್ನೊಬ್ಬನಿಗೆ ಮಗಳು ಹುಟ್ಟಿದ ವರ್ಷದ್ದು. ಕಂಪನಿಗಳಿಗೂ ಈ ಚಪಲ ಗೊತ್ತಾಗಿದೆ. ಅಮೆರಿಕದ ಸ್ಪೈಡರ್ಕೊ ಕಂಪನಿಯವರು ನಿಲ್ಲಿಸಿದ ಮಾದರಿಗಳನ್ನು 'ಸ್ಪ್ರಿಂಟ್ ರನ್' ಅಂತ ಸ್ವಲ್ಪ ಸ್ವಲ್ಪವೇ ಮತ್ತೆ ಮಾಡಿ ಮಾರುತ್ತಾರೆ.

ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಅಮೆರಿಕದ ಚಾಕುವಿಗೆ ಇಷ್ಟು ಲೆಕ್ಕ ಇಡುವ ನಾವು, ಅಡಿಕೆ ಸುಲಿಯುವ ಯಂತ್ರ ಬಂದಮೇಲೆ ಮನೆಯ ಮೆಟ್ಟುಗತ್ತಿಯನ್ನು ತೂಕಕ್ಕೆ ಹಾಕಿ ಗುಜರಿಯವರಿಗೆ ಕೊಟ್ಟೆವು. ಲಾರಿಯ ಸ್ಪ್ರಿಂಗ್ ಪಟ್ಟಾ ಕಾಯಿಸಿ, ಬಡಿದು, ಕಣ್ಣಳತೆಯಲ್ಲೇ ಹದ ಹಾಕುತ್ತಿದ್ದ ಆಚಾರರ ಕುಲುಮೆಗಳು ಊರೂರಲ್ಲಿ ತಣ್ಣಗಾಗಿವೆ. ಆ ಕತ್ತಿಗಳಿಗೆ ಮುದ್ರೆಯೂ ಇಲ್ಲ, ಚುಕ್ಕೆಯೂ ಇಲ್ಲ, ಯಾರ ಕೈಯದು ಅಂತ ಹೇಳಲು ಈಗ ಊರಿನ ಹಿರಿಯರೇ ಬೇಕು.

ಸರಿ, ನಿಮ್ಮ ಚಾಕು. ಬುಡದಲ್ಲಿ ನಕ್ಷತ್ರ ಮತ್ತು ಮಾಲ್ಟೀಸ್ ಶಿಲುಬೆಯ (ತೋಳುಗಳು ತುದಿಗೆ ಅಗಲವಾಗುವ ಶಿಲುಬೆ) ಗುರುತು ಇದೆಯಾ ನೋಡಿ. ಅದು ರಾಜರ್ಸ್‌ನದು, ಆದರೆ ಆ ಹೆಸರಿಗೆ ನಕಲು ಬಹಳ, ಹಾಗಾಗಿ ಕಾಗುಣಿತವನ್ನೂ ನೋಡಿ. ಕಿರೀಟದ ಜೊತೆ 'ವಿ ಆರ್' ಇದ್ದರೆ ವಿಕ್ಟೋರಿಯಾ ರಾಣಿಯ ಕಾಲದ ಸುಳಿವು, 'ಜಿ ಆರ್' ಇದ್ದರೆ ಜಾರ್ಜ್ ದೊರೆಗಳದು. ಹಿಡಿ ದಂತದ್ದು ಅನ್ನಿಸಿದರೆ ಮಾರುವ ಮಾತೇ ಎತ್ತಬೇಡಿ, 1972ರ ವನ್ಯಜೀವಿ ಕಾಯ್ದೆ ನಿಮ್ಮ ಮೇಲೆ ಬರುತ್ತದೆ. ಹಿಡಿ ಸೆಲ್ಯುಲಾಯ್ಡ್ (ಹಳೇ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಆಗಿದ್ದರೆ ಬೇರೆ ಚಾಕುಗಳ ಜೊತೆ ಇಡಬೇಡಿ. ಅದು ಹಳತಾದಂತೆ ಆಮ್ಲದ ಹೊಗೆ ಬಿಟ್ಟು ಪಕ್ಕದವಕ್ಕೂ ತುಕ್ಕು ಹತ್ತಿಸುತ್ತದೆ.

ಕೆಂಪು ತುಕ್ಕು ಇದ್ದರೆ ಎಣ್ಣೆ ಹಾಕಿ ಬಟ್ಟೆಯಿಂದ ಮೆಲ್ಲಗೆ ಉಜ್ಜಿ. ಕಪ್ಪು-ನೀಲಿ ಛಾಯೆ ಹಾಗೇ ಇರಲಿ, ಅದು ವಯಸ್ಸಿನ ಬಣ್ಣ. ಕೊಬ್ಬರಿ ಎಣ್ಣೆ ಹಚ್ಚಿಡಬೇಡಿ, ಕೆಲವು ತಿಂಗಳಿಗೆ ಅಂಟಾಗುತ್ತದೆ, ಹೊಲಿಗೆ ಯಂತ್ರದ ಎಣ್ಣೆ ಸಾಕು. ಚರ್ಮದ ಚೀಲದಲ್ಲಿಡುವುದೂ ಬೇಡ, ಮಲೆನಾಡಿನ ತೇವವನ್ನೆಲ್ಲ ಅದು ಹೀರಿಕೊಳ್ಳುತ್ತದೆ. ಆಯುಧಪೂಜೆಗೆ ಕುಂಕುಮ ಹಚ್ಚುವವರಾದರೆ ಸಂಜೆಗೆ ಒರೆಸಿಬಿಡಿ, ಒದ್ದೆ ಕುಂಕುಮದ ಅಡಿಯಲ್ಲೇ ತುಕ್ಕು ಶುರುವಾಗುವುದು. ಮಾರುವ ಯೋಚನೆ ಇಲ್ಲದಿದ್ದರೆ ಸುಮ್ನೆ ಇಡಬೇಡಿ, ಬಳಸಿ. ಹಲಸಿನಹಣ್ಣು ಮಾತ್ರ ಅದರಲ್ಲಿ ಕೊಯ್ಯಬೇಡಿ, ಮೇಣ ಕೀಲಿನೊಳಗೆ ಹೋದರೆ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.